ನಾಲ್ಕನೆಯ ಟ್ಯಾಂಕಿನ ಗುರುತು

ಗ್ಯಾಸ್ ಪರೀಕ್ಷೆ ಮಾಡುವ ದಂಡಪಾಣಿ ಬಿಳಿ ಬಣ್ಣದಲ್ಲಿ 'ದ' ಎಂದು ಬರೆದು, ಕೆಳಗೆ ತಾರೀಖು ಹಾಕಿದ ಮೇಲೆಯೇ ನಾವು ಹಡಗಿನ ಯಾವ ಟ್ಯಾಂಕಿಗಾದರೂ ಇಳಿಯುತ್ತಿದ್ದೆವು. ಗುಜರಾತಿನ ಅಲಂಗ್‌ನ ಕಡಲ ದಂಡೆಯಲ್ಲಿ ಹಳೆಯ ಹಡಗು ಒಡೆಯುವ ನಮ್ಮ ತಂಡದಲ್ಲಿ ಮೂವತ್ತೆರಡು ಜನ, ಎಲ್ಲರೂ ಒಡಿಶಾದ ಗಂಜಾಂ ಕಡೆಯವರು. ಅರ್ಧಕ್ಕರ್ಧ ಮಂದಿಗೆ ಓದು ಬಾರದು. ಆದರೆ ಒಡಿಯಾದ ಆ ಒಂದು ಅಕ್ಷರ ಎಲ್ಲರಿಗೂ ಗೊತ್ತಿತ್ತು. ಅದಿದ್ದರೆ ಒಳಗೆ ಬೆಂಕಿ ಹತ್ತುವ ಆವಿ ಇಲ್ಲ, ಕತ್ತರಿಸಬಹುದು. ಕೆಂಪು ಗೀಟು ಇದ್ದರೆ ಅದರ ಹತ್ತಿರ ಬೀಡಿಯನ್ನೂ ಹಚ್ಚುವಂತಿಲ್ಲ.

ಪರೀಕ್ಷೆಯಲ್ಲಿ ಅವನಿಗೆ ಅವಸರವೆಂಬುದೇ ಇರಲಿಲ್ಲ. ಗ್ಯಾಸ್ ಮೀಟರಿನ ಕೊಳವೆಯನ್ನು ಟ್ಯಾಂಕಿನ ಬಾಯಲ್ಲಿ ಒಮ್ಮೆ, ನಡುವೆ ಒಮ್ಮೆ, ತಳದಲ್ಲಿ ಒಮ್ಮೆ ಇಳಿಬಿಟ್ಟು ನೋಡುತ್ತಿದ್ದ. ಅನುಮಾನ ಬಂದರೆ ಮತ್ತೆ ಮೊದಲಿಂದ. ಕಬ್ಬಿಣ ಕತ್ತರಿಸುವ ಬನಮಾಲಿ ಅವನನ್ನು ಗೋಳು ಹೊಯ್ದುಕೊಳ್ಳುತ್ತಿದ್ದ. "ಹೆಣ್ಣು ನೋಡೋಕೆ ಬಂದವ್ರೂ ಇಷ್ಟು ಸಲ ನೋಡಲ್ಲ ಕಣೋ. ಒಪ್ಪಿಗೆನಾ, ಇಲ್ವಾ?" ದಂಡಪಾಣಿ ಕೊಳವೆಯನ್ನು ಇನ್ನೊಮ್ಮೆ ಇಳಿಬಿಡುತ್ತಿದ್ದ. ಹಾಗೆ ಗೇಲಿ ಮಾಡಿದ ಬನಮಾಲಿ ಅವನ ಗುರುತು ಬೀಳುವ ತನಕ ಕಬ್ಬಿಣ ಕತ್ತರಿಸುವ ಗ್ಯಾಸ್ ಟಾರ್ಚ್ ಕೈಯಲ್ಲಿ ಹಿಡಿಯುತ್ತಿರಲಿಲ್ಲ ಎನ್ನುವುದೂ ನಿಜ.

ದಂಡಪಾಣಿಯನ್ನು ಈ ಕೆಲಸಕ್ಕೆ ತಂದವನು ನಮ್ಮ ಮುಕಾದಮ, ಅಂದರೆ ತಂಡದ ಮೇಸ್ತ್ರಿ, ತ್ರಿಲೋಚನ; ದಂಡಪಾಣಿಯ ಅಕ್ಕ ಕುಂತಳಾಳ ಗಂಡ. ಹನ್ನೊಂದು ವರ್ಷದ ಹಿಂದೆ ಒಂದು ಹಡಗಿನ ಪಂಪಿನ ಕೋಣೆಗೆ ಬೆಂಕಿ ಬಿದ್ದು ತ್ರಿಲೋಚನನ ಜೊತೆಗಾರ ಅವನ ಕಣ್ಣೆದುರೇ ಸತ್ತ. ಪರೀಕ್ಷೆ ಮಾಡಲು ನಮ್ಮವನೇ ಒಬ್ಬ ಬೇಕು, ಇಲ್ಲದಿದ್ದರೆ ಹಡಗಿಗೆ ಕಾಲಿಡುವುದಿಲ್ಲ ಎಂದು ಅವನು ಮಾಲೀಕರ ಎದುರು ನಾಲ್ಕು ದಿನ ಕೆಲಸ ನಿಲ್ಲಿಸಿ ಕೂತ. ಅವರು ಮಣಿದ ಮೇಲೆ ತರಬೇತಿಗೆ ಕಳಿಸಿದ್ದು ಭಾವಮೈದುನನನ್ನು. ನಾವೆಲ್ಲ ತ್ರಿಲೋಚನನನ್ನು ಮನೆಯ ಹಿರಿಯನಂತೆ ಕಾಣುತ್ತಿದ್ದೆವು. ದಂಡಪಾಣಿಗಂತೂ ಅವನು ತಂದೆಯ ಹಾಗೆ. ಊಟವೂ ಅಕ್ಕ ಭಾವನ ಖೋಲಿಯಲ್ಲೇ.

ಆ ವರ್ಷ ಬಂದದ್ದು ಕಚ್ಚಾ ಎಣ್ಣೆ ಸಾಗಿಸುತ್ತಿದ್ದ ಹಡಗು. ಮೂರು ಟ್ಯಾಂಕು ಮುಗಿದವು. ನಾಲ್ಕನೆಯದು ಎರಡು ಸಲ ಪರೀಕ್ಷೆಯಲ್ಲಿ ಫೇಲಾಗಿ, ಅದರ ಮೇಲೆ ಕೆಂಪು ಗೀಟು ಬಿತ್ತು. ಅಮಾವಾಸ್ಯೆಯ ದೊಡ್ಡ ಉಬ್ಬರಕ್ಕೆ ಮುಂದಿನ ಹಡಗನ್ನು ದಂಡೆಗೆ ಏರಿಸುವುದೆಂದು ನಿಗದಿಯಾಗಿತ್ತು. ಅಷ್ಟರಲ್ಲಿ ಜಾಗ ಖಾಲಿಯಾಗಬೇಕೆಂದು ಯಾರ್ಡಿನ ಕಚೇರಿಯವರು ದಿನಕ್ಕೆರಡು ಸಲ ತ್ರಿಲೋಚನನನ್ನು ಕರೆಸುತ್ತಿದ್ದರು. ಅವನು ಬಂದು ಭಾವಮೈದುನನನ್ನು ಕೇಳುತ್ತಿದ್ದ.

"ಇನ್ನೆರಡು ದಿನ ಗಾಳಿ ಹೊಡೀಲಿ, ಭಾವ," ಎಂದ ದಂಡಪಾಣಿ. "ತಳದಲ್ಲಿ ಕೆಸರು ಕೂತಿದೆ. ಟಾರ್ಚಿನ ಶಾಖ ತಾಗಿದ್ರೆ ಅದ್ರಿಂದ ಆವಿ ಎದ್ದೇ ಏಳುತ್ತೆ."

ತ್ರಿಲೋಚನ ಸಿಟ್ಟಾಗಲಿಲ್ಲ. ಸರಿ, ನೀನು ಹೇಳಿದ ಹಾಗೇ ಆಗಲಿ ಎಂದ. ಅಷ್ಟೇ ಅಲ್ಲ, ಮೀಟರನ್ನು ಭಾವನಗರಕ್ಕೆ ಒಯ್ದು ಸರಿಯಾಗಿ ತೋರಿಸುತ್ತಿದೆಯೇ ಎಂದು ತಪಾಸಣೆ ಮಾಡಿಸಿಕೊಂಡು ಬಾ, ಹೇಗೂ ಎರಡು ದಿನ ಕೆಲಸವಿಲ್ಲವಲ್ಲ ಎಂದ. ದಂಡಪಾಣಿ ಅದಕ್ಕಾಗಿ ಆರು ತಿಂಗಳಿಂದ ಕೇಳುತ್ತಿದ್ದ. ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಹೊರಟ. ನಿಲ್ದಾಣದಲ್ಲಿ ನನಗೆ ಸಿಕ್ಕಿದ್ದ. ಭಾವ ಕೊನೆಗೂ ಕೇಳಿದರು ನೋಡು ಎಂದು ಖುಷಿಯಿಂದ ಹೇಳಿಕೊಂಡ.

ನನ್ನ ಕೆಲಸ ಭಾರ ಎಳೆಯುವ ವಿಂಚ್ ಯಂತ್ರ ನಡೆಸುವುದು. ಅಲ್ಲಿ ಕೂತರೆ ಹಡಗಿನ ಮೇಲಟ್ಟ ಪೂರ್ತಿ ಕಾಣುತ್ತದೆ. ಎಂಟು ಗಂಟೆಯ ಹೊತ್ತಿಗೆ ತ್ರಿಲೋಚನ ಬಣ್ಣದ ಡಬ್ಬಿ ಹಿಡಿದು ಏಣಿ ಹತ್ತಿದ್ದನ್ನು ಕಂಡೆ. ನಾಲ್ಕನೆಯ ಟ್ಯಾಂಕಿನ ಬಾಯಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತ. ಮುಕಾದಮ ಏನಾದರೂ ಮಾಡುತ್ತಿರಬಹುದು ಎಂದುಕೊಂಡು ನಾನು ನನ್ನ ಹಗ್ಗದ ಕಡೆ ತಿರುಗಿದೆ.

ಹತ್ತೂವರೆಗೆ ಟ್ಯಾಂಕಿನೊಳಗಿಂದ ದಪ್ಪ ಸದ್ದೊಂದು ಬಂತು. ಬಾಯಿಂದ ಬೆಂಕಿ ಎದ್ದು, ಕೂಡಲೇ ಒಳಗೆ ಎಳೆದುಕೊಂಡಂತೆ ಅಡಗಿ, ಕಪ್ಪು ಹೊಗೆ ಬಂತು. ಒಳಗಿದ್ದವನು ಬನಮಾಲಿ ಒಬ್ಬನೇ. ಅವನ ಸೊಂಟಕ್ಕೆ ಕಟ್ಟಿದ್ದ ಹಗ್ಗ ಹಿಡಿದು ಆರು ಜನ ಮೇಲೆಳೆದರು. ಜೀವ ಇತ್ತು. ಎರಡೂ ತೋಳು, ಬೆನ್ನು ಸುಟ್ಟಿದ್ದವು.

ಸಂಜೆ ದಂಡಪಾಣಿ ಬಸ್ಸಿಳಿದಾಗ ಯಾರೂ ಅವನನ್ನು ಮಾತಾಡಿಸಲಿಲ್ಲ. ಬನಮಾಲಿಯ ತಮ್ಮ ಅವನ ಕಾಲ ಬುಡದಲ್ಲಿ ಉಗಿದ. ವಿಷಯ ಏನೆಂದು ತಿಳಿಯದೆ ಅವನು ಹಡಗಿಗೇ ಓಡಿದ. ನಾಲ್ಕನೆಯ ಟ್ಯಾಂಕಿನ ಬಾಯಿಯ ಬಳಿ ಅವನ 'ದ' ಇತ್ತು, ಕೆಳಗೆ ಅಂದಿನ ತಾರೀಖು. ಕೆಂಪು ಗೀಟನ್ನು ಕೆರೆದು ತೆಗೆದಿತ್ತು. ಆ ಅಕ್ಷರದ ಎದುರು ಅವನು ನಿಂತದ್ದನ್ನು ನೋಡಿದೆ. ಸೂರ್ಯ ಮುಳುಗುವ ತನಕ ಮೀಟರಿನ ಪೆಟ್ಟಿಗೆಯನ್ನು ಕೆಳಗಿಡದೆ ಹಾಗೇ ನಿಂತಿದ್ದ.

ಅಲ್ಲಿಂದ ನೇರ ಅಕ್ಕನ ಖೋಲಿಗೆ ಹೋದ. ಅವನ ಬಣ್ಣದ ಡಬ್ಬಿ ಇರುತ್ತಿದ್ದ ಚೀಲ ಅಲ್ಲೇ ತೂಗುಹಾಕಿತ್ತು, ಖಾಲಿ. ಯಾರು ತೆಗೆದರು ಎಂದು ಕೇಳಿದಾಗ ಕುಂತಳಾ ಮುಚ್ಚಿಡಲಿಲ್ಲ. ಬೆಳಿಗ್ಗೆ ಅವರೇ ತೆಗೆದುಕೊಂಡು ಹೋದರು ಎಂದಳು. ತ್ರಿಲೋಚನ ಮೂಲೆಯಲ್ಲಿ ಕೂತಿದ್ದ. ಪಕ್ಕದ ಖೋಲಿಯಲ್ಲಿದ್ದ ನನಗೆ ತಗಡಿನ ಗೋಡೆಯಾಚೆಯಿಂದ ಎಲ್ಲವೂ ಕೇಳುತ್ತಿತ್ತು.

"ನೀವೇ ಕಲಿಸಿದ್ರಿ," ಎಂದ ದಂಡಪಾಣಿ. "ಯಾರು ಹೇಳಿದ್ರೂ ಸುಳ್ಳು ಗುರುತು ಹಾಕ್ಬೇಡ, ನಾನೇ ಹೇಳಿದ್ರೂ ಹಾಕ್ಬೇಡ ಅಂದಿದ್ರಿ."

"ನಿನ್ನ ಕೈಲಿ ಹಾಕಿಸ್ಲಿಲ್ಲವಲ್ಲ," ಎಂದ ತ್ರಿಲೋಚನ.

ಆಮೇಲೆ ಕುಂತಳಾ ಅಳುತ್ತಾ ತಮ್ಮನನ್ನು ಬೇಡಿಕೊಂಡಳು. ಹೊರಡುವ ಮುಂಚೆ ಪರೀಕ್ಷೆ ಮಾಡಿದ್ದೆ, ಆಗ ಸರಿಯಾಗೇ ಇತ್ತು ಎಂದುಬಿಡು. ನಿನಗೆ ಹೆಂಡತಿ ಮಕ್ಕಳಿಲ್ಲ, ಅವರು ಜೈಲಿಗೆ ಹೋದರೆ ನನ್ನ ಗತಿಯೇನು ಎಂದಳು. ದಂಡಪಾಣಿ ಬಾಗಿಲು ತೆಗೆದು ಹೊರಹೋದ ಸದ್ದು ಕೇಳಿತು.

ಮರುದಿನ ಅವನ ಜೊತೆ ಆಸ್ಪತ್ರೆಗೆ ಹೋಗಲು ಯಾರೂ ಒಪ್ಪಲಿಲ್ಲ. ನಾನು ಹೋದೆ. ಬನಮಾಲಿ ಬೋರಲಾಗಿ ಮಲಗಿದ್ದ.

"ನಿನ್ನ ಅಕ್ಷರ ನೋಡೇ ಇಳಿದೆ ಕಣೋ, ದಂಡಾ," ಎಂದ.

ಅದು ತಾನು ಬರೆದದ್ದಲ್ಲ ಎಂದು ದಂಡಪಾಣಿ ಎರಡು ಸಲ ಹೇಳಿದ. ಬನಮಾಲಿ ಮುಖವನ್ನು ಗೋಡೆಯ ಕಡೆ ಹೊರಳಿಸಿದ. ಆಗಲಾದರೂ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ.

ವಿಚಾರಣೆಗೆ ಸರ್ಕಾರದ ಕಡೆಯಿಂದ ಅಧಿಕಾರಿಣಿಯೊಬ್ಬರು ಬಂದರು. ಬೆಳಿಗ್ಗೆ ಪರೀಕ್ಷೆ ಮಾಡಿ ಗುರುತು ಹಾಕಿಯೇ ದಂಡಪಾಣಿ ಭಾವನಗರಕ್ಕೆ ಹೋದದ್ದು ಎಂದು ತ್ರಿಲೋಚನ ಕಣ್ಣು ಮಿಟುಕಿಸದೆ ಹೇಳಿದ. ಅವರು ಗೇಟಿನ ಪುಸ್ತಕ ತರಿಸಿದರು. ಆ ದಿನ ಸಂಜೆಯ ತನಕ ದಂಡಪಾಣಿ ಯಾರ್ಡಿನೊಳಗೆ ಬಂದೇ ಇರಲಿಲ್ಲ. ತಾನು ಬರೆದದ್ದಲ್ಲ ಎಂದಷ್ಟೇ ಅವನು ಹೇಳಿದ, ಅಕ್ಕನನ್ನು ಸಾಕ್ಷಿಗೆ ಎಳೆಯಲಿಲ್ಲ. ಹಾಗಾದರೆ ಬರೆದವರು ಯಾರು ಎಂದು ಒಬ್ಬೊಬ್ಬರನ್ನೇ ಕೇಳುತ್ತಾ ಬಂದರು. ನನ್ನ ಸರದಿ ಬಂತು. ವಿಂಚಿನ ಮೇಲಿಂದ ಏನಾದರೂ ಕಂಡಿತೇ ಎಂದರು. ದಂಡಪಾಣಿ ನನ್ನನ್ನೇ ನೋಡುತ್ತಿದ್ದ. ಆ ಜಾಗದಿಂದ ಏನು ಕಾಣುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತು. ತ್ರಿಲೋಚನನೂ ನೋಡುತ್ತಿದ್ದ; ನನ್ನನ್ನು, ನನ್ನ ಇಬ್ಬರು ತಮ್ಮಂದಿರನ್ನು ಊರಿಂದ ಕರೆತಂದು ಕೆಲಸಕ್ಕೆ ಹಚ್ಚಿದವನು ಅವನು.

"ಏನೂ ಕಾಣ್ಲಿಲ್ಲ, ಮೇಡಂ," ಎಂದೆ.

ಗುರುತು ಹಾಕಿದವರು ಯಾರೆಂದು ಗೊತ್ತಾಗಲಿಲ್ಲ ಎಂದು ಬರೆದುಕೊಂಡರು. ದಂಡಪಾಣಿಯ ಮೇಲೆ ತಪ್ಪು ಹೊರಿಸಲಿಲ್ಲ. ತ್ರಿಲೋಚನನಿಗೆ ಎಚ್ಚರಿಕೆ ಕೊಟ್ಟರು, ಅಷ್ಟೇ. ಹದಿನೈದು ದಿನಕ್ಕೆ ಅವನು ಮತ್ತೆ ಮುಕಾದಮನಾಗಿ ಬಂದ. ದಂಡಪಾಣಿಯೇ ಕೆಲಸ ಬಿಟ್ಟ. ಬನಮಾಲಿಯನ್ನು ಊರಿಗೆ ಕಳಿಸಿದರು. ಅವನ ಬಲಗೈ ಬೆರಳುಗಳು ಇನ್ನೂ ಮಡಿಸಲು ಬರುವುದಿಲ್ಲವಂತೆ.

ದಂಡಪಾಣಿ ಈಗ ದಂಡೆಯ ಆ ಕೊನೆಯ ಯಾರ್ಡಿನಲ್ಲಿದ್ದಾನೆ. ಸೇರುವಾಗ ಒಂದೇ ಷರತ್ತು ಹಾಕಿದನಂತೆ: ಪ್ರತಿ ಟ್ಯಾಂಕಿನ ಬಾಯಿಗೆ ಸರಪಳಿ, ಬೀಗ, ಕೀಲಿ ಅವನ ಸೊಂಟದಲ್ಲಿ. ಪರೀಕ್ಷೆ ಮುಗಿದ ಮೇಲೆ ಅವನೇ ಬಂದು ಬೀಗ ತೆಗೆಯುತ್ತಾನೆ, ಕತ್ತರಿಸುವವನಿಗಿಂತ ಮೊದಲು ತಾನೇ ಒಳಗಿಳಿಯುತ್ತಾನೆ. ಬಣ್ಣದ ಡಬ್ಬಿ ಇಟ್ಟುಕೊಂಡಿಲ್ಲ. ಅಕ್ಕನ ಖೋಲಿಯ ಕಡೆ ಅವನು ಹೋಗುವುದಿಲ್ಲ. ರಾಖಿಯ ದಿನ ಕುಂತಳಾ ಆ ಯಾರ್ಡಿನ ಗೇಟಿನ ತನಕ ಹೋಗಿ ಕಾದು ಹಿಂದಿರುಗಿದಳು.

ಕಳೆದ ತಿಂಗಳು ನಾನೂ ಹೋಗಿದ್ದೆ. ಊಟದ ಬಿಡುವಿನಲ್ಲಿ ಹೊರಗೆ ಬಂದ. ಅಂದು ತ್ರಿಲೋಚನ ಡಬ್ಬಿ ಹಿಡಿದು ಹತ್ತಿದ್ದನ್ನು ಕಂಡಿದ್ದೆ ಎಂದು ಹೇಳಿದೆ. ಬೇಕಾದರೆ ಈಗಲೂ ಅಧಿಕಾರಿಗಳ ಎದುರು ಹೇಳುತ್ತೇನೆ ಎಂದೆ.

"ನಂಗೆ ಗೊತ್ತು," ಎಂದ. "ನೀನು ಹೇಳ್ತೀಯ ಅಂತ ವಿಚಾರಣೆ ದಿನವೆಲ್ಲ ಕಾದೆ."

ನಾನು ಮತ್ತೇನೋ ಹೇಳಲು ಹೊರಟೆ. ಒಳಗಿಂದ ಯಾರೋ ಕೂಗಿದರು, ಪರೀಕ್ಷೆಗೆ ಟ್ಯಾಂಕು ತಯಾರಾಗಿದೆಯೆಂದು. ಅವನು ಮೀಟರ್ ಹೆಗಲಿಗೇರಿಸಿ ಎದ್ದು ನಡೆದ.