ಹದಿನಾಲ್ಕನೇ ಕಂಬದ ಕೆಂಪು

ತಪ್ಪು ಮಾಡಿದವನು ನಾನು. ಮೊದಲೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ.

ನಮ್ಮದು ಹಡಗುಕಟ್ಟೆಯ ಕೆಲಸ. ಕಟ್ಟೆಯನ್ನು ಹೊತ್ತ ಇಪ್ಪತ್ತೆರಡು ಕಬ್ಬಿಣದ ಕಂಬಗಳು ನೀರಿನೊಳಗೆ ನಿಂತಿವೆ. ವರ್ಷಕ್ಕೊಮ್ಮೆ ಪ್ರತಿ ಕಂಬದ ಬೆಸುಗೆಯ ಫೋಟೊ ತೆಗೆದು, ಕಣ್ಣಿಗೆ ಕಂಡದ್ದನ್ನು ಬರೆದು ಆಫೀಸಿಗೆ ಒಪ್ಪಿಸಬೇಕು. ಮುಳುಗುವವರು ಭಾವ, ನನ್ನ ಅಕ್ಕನ ಗಂಡ. ದೋಣಿಯಲ್ಲಿ ಕೂತು ಅವರ ಹಗ್ಗ ಹಿಡಿಯುವುದು, ಕ್ಯಾಮೆರಾ ಸಜ್ಜು ಮಾಡಿ ಕೈಗೆ ಕೊಡುವುದು ನನ್ನ ಪಾಲು. ಹತ್ತೊಂಬತ್ತು ವರ್ಷದಿಂದ ಹೀಗೆಯೇ ನಡೆದಿದೆ.

ನೀರು ಬಣ್ಣ ತಿನ್ನುತ್ತದೆ. ಮೊದಲು ತಿನ್ನುವುದು ಕೆಂಪನ್ನು. ಒಂಬತ್ತು ಮೀಟರ್ ಕೆಳಗೆ ಕೈ ಕೊಯ್ದುಕೊಂಡರೆ ರಕ್ತ ಹಸಿರಾಗಿ ಕಾಣುತ್ತದೆ. ಫ್ಲ್ಯಾಶ್ ಹಾಕೋಣವೆಂದರೆ ನಮ್ಮ ನೀರಿನಲ್ಲಿ ಕೆಸರು ಜಾಸ್ತಿ, ಫೋಟೊ ತುಂಬ ಹಿಟ್ಟು ಚೆಲ್ಲಿದ ಹಾಗೆ ಬಿಳಿ ಚುಕ್ಕೆಗಳು. ಅದಕ್ಕೇ ಪ್ರತಿ ಕಂಬದ ಹತ್ತಿರ ಮೊದಲು ಒಂದು ಬಿಳಿ ಹಲಗೆಯ ಫೋಟೊ ತೆಗೆಯುತ್ತೇವೆ, ಆಮೇಲೆ ಬೆಸುಗೆಯದು. ಆಫೀಸಿನಲ್ಲಿ ಕಂಪ್ಯೂಟರಿನ ಮುಂದೆ ಕೂರುವ ಹುಡುಗಿ ಆ ಬಿಳಿಯನ್ನು ಅಳತೆಗೋಲು ಮಾಡಿಕೊಂಡು ಉಳಿದ ಬಣ್ಣಗಳನ್ನು ಮೇಲಕ್ಕೆತ್ತುತ್ತಾಳೆ. ಇದು ಸರಿಯಾಗಿ ಆಗಬೇಕಾದರೆ ಕ್ಯಾಮೆರಾವನ್ನು ರಾ ಫೈಲಿಗೆ ಇಟ್ಟಿರಬೇಕು.

"ರಾ ಅಂದ್ರೆ ದಿನಸಿ ತಂದ ಹಾಗೆ, ಜೆಪೆಗ್ ಅಂದ್ರೆ ಬೇಯಿಸಿದ ಅಡುಗೆ," ಎಂದು ಅವಳು ನನಗೆ ತಿಳಿಸಿ ಹೇಳಿದ್ದಳು. "ದಿನಸಿ ಇದ್ರೆ ಬೇಕಾದ್ದು ಮಾಡ್ಬಹುದು. ಅಡುಗೆ ಸೀದ ಮೇಲೆ ನಾನೇನು ಮಾಡ್ಲಿ ಅಣ್ಣ?"

"ನಾನು ಈ ಕೆಲಸಕ್ಕೆ ಸೇರಿದಾಗ ನಿನಗಿನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ನನಗೇ ಪಾಠ ಹೇಳ್ತೀಯ?" ಎಂದು ಗದರಿದ್ದೆ. ಅವಳು ಹೇಳಿದ್ದು ಸರಿ ಎಂದು ಆಗಲೂ ಗೊತ್ತಿತ್ತು. ಗೊತ್ತಿದ್ದಕ್ಕೇ ಸಿಟ್ಟು ಬಂದಿತ್ತು.

ರಾ ಫೈಲು ಆನೆಯಂಥದ್ದು, ಜಾಗ ನುಂಗುತ್ತದೆ. ಹೋದ ವರ್ಷ ಹದಿನೇಳನೇ ಕಂಬಕ್ಕೇ ಕ್ಯಾಮೆರಾದ ಮೆಮೊರಿ ಕಾರ್ಡು ತುಂಬಿ, ಭಾವ ಮೇಲೆ ಬಂದು ಮತ್ತೆ ಇಳಿಯಬೇಕಾಗಿತ್ತು. ಇನ್ನೊಂದು ಕಾರ್ಡು ತರಲು ಮರೆತಿದ್ದಕ್ಕೆ ಮ್ಯಾನೇಜರು ಎಲ್ಲರೆದುರು ನನ್ನ ನೀರಿಳಿಸಿದ್ದರು. ಈ ವರ್ಷ ದೋಣಿಯಲ್ಲಿ ಚೀಲ ತೆರೆದರೆ ಮತ್ತೆ ಒಂದೇ ಕಾರ್ಡು. ದಡಕ್ಕೆ ಹೋಗಿ ಬರಲು ಅರ್ಧ ಗಂಟೆ ಬೇಕು. ಹೋದರೆ ಮತ್ತೆ ಬೈಗುಳ. ಭಾವ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಳ್ಳುತ್ತಿದ್ದರು. ನಾನು ಅತ್ತ ತಿರುಗಿ ಕೂತು ಕ್ಯಾಮೆರಾವನ್ನು ಜೆಪೆಗ್‌ಗೆ ಇಟ್ಟೆ. ಅದರಲ್ಲೂ ಚಿಕ್ಕ ಜೆಪೆಗ್. ನೀರು ಹೋಗದ ಪೆಟ್ಟಿಗೆಯಲ್ಲಿ ಕ್ಯಾಮೆರಾ ಕೂರಿಸಿ ಕೊಂಡಿ ಹಾಕಿ ಕೊಟ್ಟೆ. ಆ ಪೆಟ್ಟಿಗೆಯ ಹೊರಗೆ ಫೋಟೊ ತೆಗೆಯುವ ಗುಂಡಿ ಒಂದೇ ಇರುವುದು. ಒಳಗೆ ಏನು ಬದಲಾಗಿದೆ ಎಂದು ಅವರಿಗೆ ತಿಳಿಯುವ ದಾರಿಯೇ ಇರಲಿಲ್ಲ.

ಮಧ್ಯಾಹ್ನ ಮೇಲೆ ಬಂದವರು ಮುಖವಾಡ ತೆಗೆಯುವ ಮೊದಲೇ ಹೇಳಿದರು: "ಹದಿನಾಲ್ಕರಲ್ಲಿ ಕೆಂಪು ತುಕ್ಕು ಇದೆ ಕಣೋ. ಟಾರ್ಚು ಹತ್ತಿರ ಹಿಡಿದು ನೋಡ್ದೆ. ಬೆಸುಗೆ ಉದ್ದಕ್ಕೂ ಇದೆ."

ಹಳೆಯ ತುಕ್ಕು ಕಪ್ಪಗಿರುತ್ತದೆ, ಅದಕ್ಕೆ ಯಾರೂ ಹೆದರುವುದಿಲ್ಲ. ಕೆಂಪು ಕಂಡರೆ ಬಿರುಕು ಹೊಸದು, ಇನ್ನೂ ಬಾಯಿ ಬಿಡುತ್ತಿದೆ ಎಂದರ್ಥ.

"ಟಾರ್ಚು ಹಿಡಿದೇ ಫೋಟೊ ತೆಗೀಬೇಕಿತ್ತು ಭಾವ," ಎಂದೆ.

"ಒಂದು ಕೈ ಕಂಬಕ್ಕೆ, ಒಂದು ಕೈ ಕ್ಯಾಮೆರಾಕ್ಕೆ. ಮೂರನೇದು ನಿನ್ನ ಅಕ್ಕನ್ನ ಕೇಳಿ ತರ್ಲಾ?" ಎಂದು ನಕ್ಕರು. "ಫೋಟೊದಲ್ಲಿ ಬಂದಿರುತ್ತೆ ಬಿಡು. ಆ ಹುಡುಗಿ ಕೈಲಿ ಬಣ್ಣ ಎಲ್ಲೂ ಅಡಗಿ ಕೂರಲ್ಲ."

ನಾನು ಹಗ್ಗ ಸುತ್ತುತ್ತಾ ಕೂತೆ.

ಮರುದಿನ ಮ್ಯಾನೇಜರ ಕೋಣೆಗೆ ಇಬ್ಬರನ್ನೂ ಕರೆಸಿದರು. ಪರದೆಯ ಮೇಲೆ ಹದಿನಾಲ್ಕನೇ ಕಂಬ ಪಾಚಿ ಬಳಿದಂತೆ ಹಸಿರುಗಪ್ಪಾಗಿ ನಿಂತಿತ್ತು. ಹುಡುಗಿ ಕೆಂಪನ್ನು ಮೇಲೆತ್ತಲು ಹೋದಷ್ಟೂ ಫೋಟೊ ಚೌಕ ಚೌಕವಾಗಿ ಒಡೆಯಿತೇ ಹೊರತು ಬಣ್ಣ ಬರಲಿಲ್ಲ.

"ಇದೆಲ್ಲ ಜೆಪೆಗ್ ಆಗಿದೆಯಲ್ಲ, ಯಾರು ಬದಲಾಯಿಸಿದ್ದು?" ಎಂದು ಅವಳು ಕೇಳಿದಳು.

ಭಾವ ನನ್ನ ಕಡೆ ನೋಡಿದರು. ಅನುಮಾನದಿಂದಲ್ಲ. ಕ್ಯಾಮೆರಾದ ವಿಷಯ ನನಗೆ ಗೊತ್ತು, ನಾನು ಉತ್ತರ ಹೇಳುತ್ತೇನೆ ಎಂಬ ನಂಬಿಕೆಯಿಂದ.

"ಗೊತ್ತಿಲ್ಲ," ಎಂದೆ.

ಜೆಪೆಗ್ ಅಂದರೇನೆಂದು ತಿಳಿಯದ ಮ್ಯಾನೇಜರು ಫೋಟೊ ಬಿಟ್ಟು ಭಾವನನ್ನೇ ನೋಡತೊಡಗಿದರು. "ನಿಮಗೀಗ ಐವತ್ತನಾಲ್ಕಲ್ವಾ? ಇಡೀ ಫೋಟೊದಲ್ಲಿ ಕೆಂಪು ಅನ್ನೋದೇ ಇಲ್ಲ, ನೀವು ಕೆಂಪು ಅಂತ ಬರೆದಿದ್ದೀರಿ. ಬೇಜಾರು ಮಾಡ್ಕೋಬೇಡಿ. ಕಣ್ಣಿನ ಪರೀಕ್ಷೆ ಆಗೋವರೆಗೆ ನೀರಿಗೆ ಇಳಿಯೋದು ಬೇಡ. ಮುಂದಿನ ತಿಂಗಳು ಬೇರೆಯವರನ್ನ ಇಳಿಸಿ ನೋಡಿಸೋಣ."

"ನಾನು ಕಂಡಿದ್ದೀನಿ ಸಾರ್," ಎಂದರು ಭಾವ. ಅಷ್ಟೇ. ಅವರು ಒಂದು ಮಾತನ್ನು ಎರಡು ಸಲ ಹೇಳುವವರಲ್ಲ. ಆಗಲೂ ನನ್ನ ಬಾಯಿ ಬಿಚ್ಚಿಕೊಳ್ಳಲಿಲ್ಲ. ದಾರಿಯಲ್ಲಿ ಯಾರಾದರೂ ಕಾಲು ತುಳಿದರೆ ಬೀದಿಗೆಲ್ಲ ಕೇಳುವ ಹಾಗೆ ಅರಚುವ ಬಾಯಿ ಇದು.

ಎರಡು ದಿನ ಬಿಟ್ಟು ಸಂಜೆ ಅವರ ಮನೆಗೆ ಹೋದೆ. ಅಕ್ಕ ಒಣಗಿದ ಬಟ್ಟೆಗಳ ರಾಶಿಯನ್ನು ಮಂಚದ ಮೇಲೆ ಹಾಕಿಕೊಂಡು ಒಂದೊಂದನ್ನೇ ಎತ್ತಿ ಹಿಡಿಯುತ್ತಿದ್ದಳು. ಎದುರಿಗೆ ಕುರ್ಚಿಯಲ್ಲಿ ಭಾವ, ಮಗ್ಗಿ ಒಪ್ಪಿಸುವ ಶಾಲೆಯ ಮಗುವಿನ ಹಾಗೆ ಕೈಕಟ್ಟಿ ಕೂತಿದ್ದರು.

"ಬಾರೋ, ನೀನೂ ನೋಡು," ಎಂದಳು ಅಕ್ಕ. "ಡಾಕ್ಟರ ಹತ್ರ ಹೋಗೋಕೆ ಮುಂಚೆ ನಾನೇ ಪರೀಕ್ಷೆ ಮಾಡ್ತಿದ್ದೀನಿ. ಮದುವೆಗೆ ನೋಡೋಕೆ ಬಂದಾಗಲೇ ಈ ಪರೀಕ್ಷೆ ಮಾಡಿದ್ರೆ ಚೆನ್ನಾಗಿತ್ತು. ಹ್ಞೂಂ, ಇದು?"

"ನೀಲಿ."

"ಇದು?"

"ಕಂದು. ನಿನ್ನ ತಮ್ಮನ ಮುಖದ ಥರ."

ಅಕ್ಕ ನಕ್ಕಳು. ನಾನೂ ನಗಲು ನೋಡಿದೆ. ಅವಳು ಮೈಯೊರೆಸುವ ಒಂದು ಹಳೆಯ ಟವೆಲ್ ಎತ್ತಿದಳು. ಒಗೆದು ಒಗೆದು ಮಾಸಿದ ಕೆಂಪು. ಭಾವ ಬಾಯಿ ತೆರೆದರು, ಮತ್ತೆ ಮುಚ್ಚಿದರು. ಕುರ್ಚಿಯಿಂದ ಮುಂದಕ್ಕೆ ಬಾಗಿ, ಕಣ್ಣು ಕಿರಿದು ಮಾಡಿ ನೋಡಿದರು.

"ಕೆಂಪಾ?" ಎಂದರು. ಸ್ವಲ್ಪ ತಡೆದು, "ಗೊತ್ತಾಗ್ತಿಲ್ಲ ಕಣೇ. ಕಂದೂ ಇರಬಹುದು."

ಅಕ್ಕನ ಕೈ ಹಾಗೇ ನಿಂತಿತು. ಅವಳ ನಗು ಹೋಯಿತು.

"ಸಾಕು ನಿಲ್ಸೇ!" ಎಂದು ಕೂಗಿಬಿಟ್ಟೆ. "ಅವರ ಕಣ್ಣಿಗೇನೂ ಆಗಿಲ್ಲ. ಕ್ಯಾಮೆರಾ ಬದಲಾಯಿಸಿದ್ದು ನಾನು. ಕಾರ್ಡು ಸಾಲಲ್ಲ ಅಂತ ನಾನೇ ಬದಲಾಯಿಸಿದ್ದು. ಅದಕ್ಕೇ ಕೆಂಪು ಬರ್ಲಿಲ್ಲ."

ತಪ್ಪು ಒಪ್ಪಿಕೊಳ್ಳುವಾಗಲೂ ನಾನು ಅಕ್ಕನ ಮೇಲೆ ಕೂಗಾಡುತ್ತಲೇ ಒಪ್ಪಿಕೊಂಡೆ.

ಭಾವ ಕುರ್ಚಿಯಲ್ಲೇ ನನ್ನ ಕಡೆಗೆ ತಿರುಗಿದರು. ಆಮೇಲೆ, "ಆ ಹುಡುಗಿ ಕೇಳಿದಾಗ ನೀನು ಅಲ್ಲೇ ಇದ್ದೆ," ಎಂದರು.

"ಇದ್ದೆ."

"ನಾನು ಎರಡು ರಾತ್ರಿಯಿಂದ ಒಂದೊಂದೇ ಕಣ್ಣು ಮುಚ್ಚಿ ಗೋಡೆ ನೋಡ್ತಿದ್ದೀನಿ ಕಣೋ."

ಅಕ್ಕ ಬಯ್ಯುತ್ತಾಳೆಂದು ಕಾದೆ. ಬೈದಿದ್ದರೆ ಹಗುರವಾಗುತ್ತಿತ್ತು. ಅವಳು ಆ ಟವೆಲನ್ನು ಮಡಚಿ, ನನ್ನ ಮುಖ ನೋಡದೆ, "ಕಾಫಿ ಕುಡಿದು ಹೋಗು," ಎಂದಳು, ಮನೆಗೆ ಬಂದ ಯಾರೋ ಪರಿಚಯದವರಿಗೆ ಹೇಳುವ ಹಾಗೆ.

ಬೆಳಿಗ್ಗೆ ಆಫೀಸು ತೆರೆಯುವ ಮೊದಲೇ ಹೋಗಿ ಬಾಗಿಲಲ್ಲಿ ನಿಂತಿದ್ದೆ. ಮ್ಯಾನೇಜರಿಗೆ ಹೇಳಿದೆ. ಅವರು ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ, ಒಂದೂ ಹೆಚ್ಚಿರಲಿಲ್ಲ. ಹುಡುಗಿಯ ಹತ್ತಿರವೂ ಹೋಗಿ ತಪ್ಪಾಯಿತು ಎಂದೆ. ಅವಳು, "ಆ ಪೆಟ್ಟಿಗೆಗೆ ಹೊರಗೆ ಒಂದೇ ಗುಂಡಿ ಇರೋದು ನೋಡಿದಾಗಲೇ ನನಗೆ ಗೊತ್ತಾಯ್ತು ಅಣ್ಣ. ನೀವೇ ಹೇಳ್ತೀರ ಅಂತ ಕಾಯ್ತಿದ್ದೆ. ಇವತ್ತು ಹೇಳದಿದ್ರೆ ನಾನೇ ಹೇಳ್ತಿದ್ದೆ," ಎಂದಳು.

ಅಂದೇ ಮಧ್ಯಾಹ್ನ ಭಾವ ಮತ್ತೆ ಇಳಿದರು. ರಾ ಫೈಲು, ಎರಡು ಖಾಲಿ ಕಾರ್ಡು. ಸೆಟ್ಟಿಂಗನ್ನು ಹುಡುಗಿಗೆ ತೋರಿಸಿ, ಅವಳು ಸರಿ ಎಂದ ಮೇಲೆಯೇ ಪೆಟ್ಟಿಗೆ ಮುಚ್ಚಿದೆ.

ಸಂಜೆ ಎಲ್ಲರೂ ಪರದೆಯ ಮುಂದೆ ನಿಂತೆವು. ಮೊದಲು ಬಿಳಿ ಹಲಗೆ ಬಂತು, ಹಸಿರು ಬಡಿದ ಬಿಳಿ. ಹುಡುಗಿ ಅದರ ಮೇಲೆ ಒತ್ತಿದಳು. ಹಲಗೆ ಸುಣ್ಣದಷ್ಟು ಬೆಳ್ಳಗಾಯಿತು. ಅದೇ ಅಳತೆಯನ್ನು ಪಕ್ಕದ ಫೋಟೊಕ್ಕೆ ಹಾಕಿದಳು. ಹದಿನಾಲ್ಕನೇ ಕಂಬದ ಬೆಸುಗೆಯ ಉದ್ದಕ್ಕೂ, ಉಗುರಿನಿಂದ ಗೀರಿದ ಗಾಯದ ಹಾಗೆ, ಕೆಂಪು ಎದ್ದು ಬಂತು. ಮ್ಯಾನೇಜರು ಫೋನು ಎತ್ತಿಕೊಂಡು, ಕಟ್ಟೆಯ ಆ ಭಾಗಕ್ಕೆ ಯಾವ ಹಡಗನ್ನೂ ತರಬೇಡಿ ಎಂದು ಹೇಳುತ್ತಾ ಹೊರಗೆ ಓಡಿದರು.

ಭಾವ ಗೆದ್ದಿದ್ದರು. ಅವರ ಮುಖದಲ್ಲಿ ಅದು ಕಾಣಲಿಲ್ಲ. ಪರದೆಯ ಹತ್ತಿರ ಹತ್ತಿರ ಹೋಗಿ, ಬೆಸುಗೆಯ ಗೆರೆಯ ಮೇಲೆ ಬೆರಳಿಟ್ಟು ನಿಂತರು. ಇಷ್ಟು ವರ್ಷ ನೀರಿನೊಳಗೆ ಕಂಡದ್ದನ್ನು ಕಂಡೆ ಎಂದು ಹೇಳಿದವರು, ಯಾರ ಒಪ್ಪಿಗೆಗೂ ಕಾಯದವರು.

"ಇದು ಕೆಂಪೇ ತಾನೆ?" ಎಂದು ಕೇಳಿದರು.

ನಾನು ಪಕ್ಕದಲ್ಲೇ ಇದ್ದೆ. ಅವರು ಕೇಳಿದ್ದು ಆ ಹುಡುಗಿಯನ್ನು.