ಹಲಗೆಯ ದಾರ

"ಮುಟ್ಟಬಹುದಾ ಸರ್?" ಎಂದು ಕೇಳುವಾಗ ಸುಪ್ರಿಯಾಳ ಬೆರಳು ಗೋಡೆಯ ಮೇಲಿನ ಹಲಗೆಗೆ ಗೇಣು ದೂರದಲ್ಲಿತ್ತು.

"ನೋಡಬಹುದು," ಎಂದರು ಹಾಲಸ್ವಾಮಿ.

ಹಿತ್ತಾಳೆಯ ಹಲಗೆಯ ಮೇಲೆ ವೀರಭದ್ರ ಮೀಸೆ ತಿರುವಿಕೊಂಡು ನಿಂತಿದ್ದ. ವೀರಗಾಸೆ ಕುಣಿಯುವವರು ಎದೆಗೆ ಕಟ್ಟಿಕೊಳ್ಳುವ ಹಲಗೆ ಅದು. ಭದ್ರಾವತಿ ಓಲ್ಡ್ ಟೌನಿನ ಆ ಮನೆಯಲ್ಲಿ ಅದನ್ನು ಗಂಡಸರು ಕಟ್ಟಿಕೊಳ್ಳುತ್ತಿದ್ದರು, ಹೆಂಗಸರು ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದರು. ಇದು ಎಷ್ಟು ತಲೆಮಾರಿನಿಂದ ನಡೆದಿತ್ತೆಂದರೆ, ಕಟ್ಟುವುದೂ ತಿಕ್ಕುವುದೂ ಎರಡೂ ಶಿವನೇ ಹಂಚಿಕೊಟ್ಟ ಕೆಲಸವೆಂದು ಎಲ್ಲರೂ ನಂಬಿದ್ದರು.

ಸುಪ್ರಿಯಾ ಶಿವಮೊಗ್ಗದ ನವುಲೆಯಲ್ಲಿ ಡ್ಯಾನ್ಸ್ ಕ್ಲಾಸ್ ನಡೆಸುವವಳು. ಯುವಜನೋತ್ಸವಕ್ಕೆ ತನ್ನ ಹುಡುಗಿಯರಿಂದ ವೀರಗಾಸೆ ಮಾಡಿಸಬೇಕೆಂದು ಆಸೆಪಟ್ಟು, ಯೂಟ್ಯೂಬ್ ನೋಡಿ ಕಲಿಯಲು ಮನಸ್ಸು ಒಪ್ಪದೆ ಬಸ್ಸು ಹತ್ತಿ ಬಂದಿದ್ದಳು. ಹಾಲಸ್ವಾಮಿಯವರಿಗೆ ಗೊಬ್ಬರದ ಅಂಗಡಿ. ಆದರೆ ಊರಲ್ಲಿ ಯಾರ ಮನೆಯಲ್ಲಿ ಮದುವೆಗೆ ಮುಂಚೆ ವೀರಭದ್ರನ ಗುಗ್ಗಳ ಹೊರಟರೂ ಮೆರವಣಿಗೆಯ ಮುಂದೆ ಕತ್ತಿ ಹಿರಿದು ದಕ್ಷಯಜ್ಞದ ಕಥೆ ಹೇಳುವ ಒಡಪು ಗರ್ಜಿಸಲು ಅವರೇ ಬೇಕು. ಕೇಳಿಕೊಂಡು ಬಂದವಳೆಂದು ಅವರಿಗೆ ಖುಷಿಯಾಗಿತ್ತು.

ಖುಷಿಯಾಗದಿದ್ದವನು ಮಗ ಜ್ಞಾನೇಶ್. ಮೊಬೈಲಿನಿಂದ ತಲೆಯೆತ್ತದೆಯೇ, "ಅಪ್ಪಾಜಿ, ಇದಕ್ಕೊಂದು ಹೆಸರಿದೆ. ಕಲ್ಚರಲ್ ಅಪ್ರೋಪ್ರಿಯೇಶನ್ ಅಂತಾರೆ. ಒಬ್ರ ಸಂಸ್ಕೃತಿನ ಇನ್ನೊಬ್ರು ಎತ್ಕೊಂಡು ಹೋಗೋದು," ಎಂದ.

"ನೀನು ಕಲ್ತಿದ್ರೆ ಅವ್ರು ಯಾಕೋ ಎತ್ಕೊಂಡು ಹೋಗ್ತಿದ್ರು?"

ಜ್ಞಾನೇಶ್ ಹೈಸ್ಕೂಲಿನಲ್ಲಿದ್ದಾಗ ಕೆಲವು ದಿನ ಕಲಿತು, ತಲೆಗೆ ಕಟ್ಟುವ ಚೌರಿ ತುರಿಸುತ್ತದೆಂದು ಬಿಟ್ಟಿದ್ದ. ಮುಂದಿನ ತಿಂಗಳು ಅವನ ಮದುವೆ. ಅದಕ್ಕೂ ಮೊದಲು ಅದೇ ಚೌರಿ, ಅದೇ ಹಲಗೆ, ಕೈಯಲ್ಲಿ ಕತ್ತಿ, ಪಕ್ಕದಲ್ಲಿ ವಧು ರಶ್ಮಿ, ಹಿಂದೆ ಡ್ಯಾಮಿನ ನೀರು – ಹೀಗೊಂದು ಪ್ರಿ-ವೆಡ್ಡಿಂಗ್ ಶೂಟ್ ಗೊತ್ತುಮಾಡಿಕೊಂಡಿದ್ದ.

"ಅದು ಬೇರೆ. ಅದು ನಮ್ದು," ಎಂದ.

ಸುಪ್ರಿಯಾಳಿಗೆ ಸಿಟ್ಟು ಬರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕೆನ್ನಿಸಿತು. "ಹಾಗಾದ್ರೆ ಮೆಚ್ಚಿ ಕಲಿಯೋದಕ್ಕೂ ಎತ್ಕೊಂಡು ಹೋಗೋದಕ್ಕೂ ಗೆರೆ ಎಲ್ಲಿದೆ ಹೇಳಿ?"

ಉತ್ತರ ಬಂದದ್ದು ಅಡುಗೆಮನೆಯಿಂದ, ಹಾಲಸ್ವಾಮಿಯವರ ಹೆಂಡತಿ ಕಲ್ಲಮ್ಮನಿಂದ. "ಕೇಳಿ ತಗೊಂಡೋದ್ರೆ ಕಡ. ಕೇಳ್ದೆ ತಗೊಂಡೋದ್ರೆ ಕಳ್ಳತನ. ಅದ್ರಲ್ಲೇನಿದೆ?" ಜೊತೆಗೇ ಸೇರಿಸಿದರು: "ನಮ್ಮ ದೋಸೆಕಲ್ಲು ಪುಷ್ಪಮ್ಮ ಕೇಳೇ ತಗೊಂಡೋಗಿದ್ದು. ಯುಗಾದಿಯಿಂದ ಅವಳ ಮನೇಲೇ ಇದೆ. ಅದು ಯಾವ ಲೆಕ್ಕವೋ ಕಾಣೆ."

ಹಾಲಸ್ವಾಮಿ ಕಲಿಸಲು ಒಪ್ಪಿದರು. ಆದರೆ ಒಡಪನ್ನು ರೆಕಾರ್ಡ್ ಹಾಕಿ ಮುಗಿಸುತ್ತೇವೆ, ಜನಕ್ಕೆ ಬೋರಾಗುತ್ತದೆ ಎಂದು ಸುಪ್ರಿಯಾ ಅಂದಾಗ ಮಾತ್ರ ಕೈಯೆತ್ತಿದರು. "ಒಡಪಿಲ್ದೆ ಕುಣಿದ್ರೆ ಅದು ಏರೋಬಿಕ್ಸು ಕಣಮ್ಮ. ಬಾಯಲ್ಲೇ ಹೇಳ್ಬೇಕು."

ಭಾನುವಾರಗಳಂದು ಹುಡುಗಿಯರು ಬಂದರು. ಹೆಜ್ಜೆ ಬೇಗ ಹತ್ತಿತು. ಒಡಪು ಹತ್ತಲಿಲ್ಲ. ದಕ್ಷನ ತಲೆ ಹಾರಿಸುವ ಜಾಗವನ್ನೂ ಅವರು ಹವಾಮಾನ ವರದಿಯಂತೆ ಒಪ್ಪಿಸುತ್ತಿದ್ದರು. ತಾಳ ತಪ್ಪಿ ತಾಳ್ಮೆ ತಪ್ಪಿದ ಹಾಲಸ್ವಾಮಿ ತಾವೇ ಎದ್ದು ನಿಂತು ಗರ್ಜಿಸತೊಡಗಿದರು. ವೀರಭದ್ರ ಯಜ್ಞಶಾಲೆಯ ಬಾಗಿಲಿಗೆ ಬಂದ. ಅಲ್ಲೇ ನಿಂತ.

ಮುಂದಿನ ಸಾಲು ಬರಲಿಲ್ಲ.

ಹಿಂದಿನ ಗುಗ್ಗಳದಲ್ಲೂ ಹೀಗೇ ಆಗಿತ್ತು. ಮೈಮೇಲೆ ದೇವರು ಬಂದು ಮಾತು ನಿಂತಿತೆಂದು ಜನ ಕೈಮುಗಿದಿದ್ದರು. ಮರೆತದ್ದೆಂದು ಅವರೊಬ್ಬರಿಗೇ ಗೊತ್ತಿತ್ತು. ಈಗ ಸ್ವಂತ ಮಗನ ಮದುವೆಯ ಗುಗ್ಗಳ ಎದುರಿಗಿತ್ತು.

ಆಗ ಅಡುಗೆಮನೆಯ ಬಾಗಿಲಿನಿಂದ ಮುಂದಿನ ಸಾಲು ಬಂತು. ಚಹಾದ ತಟ್ಟೆ ಹಿಡಿದು ನಿಂತಿದ್ದ ಮಗಳು ಸುಮನಾ ಹೇಳುತ್ತಿದ್ದಳು. ಪೋಸ್ಟಾಫೀಸಿನ ಕೌಂಟರಿನಲ್ಲಿ ದಿನವಿಡೀ ಮೆತ್ತಗೆ ಮಾತಾಡುವ ಅದೇ ಗಂಟಲಿನಿಂದ ವೀರಭದ್ರ ಬಾಗಿಲು ಒದ್ದು ಒಳಗೆ ಹೋದ. ಅವಳು ನಿಲ್ಲಿಸಲಿಲ್ಲ. ಕೊನೆಯ ಸಾಲಿನವರೆಗೂ ತಟ್ಟೆಯಲ್ಲಿ ಲೋಟಗಳು ಸಣ್ಣಗೆ ಕಟಕಟ ಎನ್ನುತ್ತಿದ್ದವು.

"ಯಾರು ಕಲಿಸಿದ್ರು?"

"ನೀವೇ. ಬಾಗಿಲ ಸಂದಿಯಿಂದ." ಸುಮನಾ ತಟ್ಟೆ ಕೆಳಗಿಟ್ಟಳು. "ಗುಗ್ಗಳಕ್ಕೆ ನಾನು ಹೇಳ್ತೀನಿ ಅಪ್ಪಾಜಿ."

"ಹೆಣ್ಮಕ್ಕಳು ಹೇಳೋ ಪದ್ಧತಿ ಇಲ್ಲ ಕಣವ್ವ."

ಸುಮನಾ ಅಂಗಳದ ತುಂಬ ಕತ್ತಿ ಹಿಡಿದು ನಿಂತಿದ್ದ ಹುಡುಗಿಯರನ್ನು ನೋಡಿದಳು.

"ಇವ್ರು ಸ್ಟೇಜಿಗೆ ಹೇಳೋದು, ಅದು ಕಲೆ. ಮನೇದು ದೇವರ ಕೆಲಸ," ಎಂದರು ಹಾಲಸ್ವಾಮಿ.

"ಅಕ್ಕ ಹಲಗೆ ಕಟ್ಕೊಂಡು ನಿಂತ್ರೆ ಬೀಗರು ಏನಂತಾರೆ?" ಎಂದ ಜ್ಞಾನೇಶ್.

"ಸರಿ ಮಾರಾಯ, ನೀನೇ ಹೇಳು. ನಿಂದೇ ತಾನೇ?" ಎಂದಳು ಸುಮನಾ.

ಜ್ಞಾನೇಶನಿಗೆ ಮೊಬೈಲಿನಲ್ಲಿ ಏನೋ ಬಂದಿತು.

ಸುಪ್ರಿಯಾ ಚಹಾ ಮುಟ್ಟಿರಲಿಲ್ಲ. "ಗುರುಗಳೇ, ಒಂದು ಕೇಳ್ಲಾ? ನೀವು ನಮಗೆ ಕೊಟ್ಟಿದ್ದು... ಮಕ್ಕಳಿಗೆ ಆಡೋಕೆ ಕೊಡ್ತಾರಲ್ಲ, ಆ ಥರದ ಕತ್ತಿನಾ?"

ತಾವು ಧಾರಾಳಿಯೆಂದು ಇಷ್ಟು ದಿನ ಒಳಗೊಳಗೇ ಮೆಚ್ಚಿಕೊಂಡಿದ್ದ ಹಾಲಸ್ವಾಮಿ, ಅಂಗಡಿಗೆ ಲಾರಿ ಬರುತ್ತದೆಂದು ಹೇಳಿ ಎದ್ದು ಹೋದರು. ಭಾನುವಾರ ಯಾವ ಲಾರಿಯೂ ಬರುತ್ತಿರಲಿಲ್ಲ.

ಮುಂದಿನ ವಾರ ಬರುವುದೋ ಬೇಡವೋ ಎಂದು ಯೋಚಿಸಿ, ಸುಪ್ರಿಯಾ ಹುಡುಗಿಯರನ್ನು ಬಿಟ್ಟು ಒಬ್ಬಳೇ ಬಂದಳು. ನಡುಮನೆಯಲ್ಲಿ ಯಾರೂ ಇರಲಿಲ್ಲ. ಗೋಡೆಯ ಮೇಲೆ ಮೊಳೆ ಮಾತ್ರ ಇತ್ತು. ಹಲಗೆಯಿದ್ದ ಜಾಗದಲ್ಲಿ ಸುಣ್ಣ ಇನ್ನೂ ಹೊಸದಾಗಿತ್ತು. ಜ್ಞಾನೇಶನ ಶೂಟಿಂಗಿಗೆ ಹೋಗಿರಬೇಕೆಂದುಕೊಂಡಳು.

ಹಿತ್ತಲಿನಿಂದ ಕಲ್ಲಮ್ಮನ ದನಿ ಕೇಳಿತು. "ಮೂಗಿನ ಸಂದೀಲಿ ಕಪ್ಪು ಹಂಗೇ ಇದೆ ನೋಡ್ರಿ."

"ಗೊತ್ತು, ಸುಮ್ನಿರೇ."

ಹಾಲಸ್ವಾಮಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಮೊಣಕೈವರೆಗೂ ಹುಣಸೆ ಮೆತ್ತಿಕೊಂಡು ಹಲಗೆ ತಿಕ್ಕುತ್ತಿದ್ದರು. ತಿಕ್ಕಿದ್ದಕ್ಕಿಂತ ಚೆಲ್ಲಿದ್ದೇ ಹೆಚ್ಚು. ಕಲ್ಲಮ್ಮ ಗಲ್ಲಕ್ಕೆ ಕೈಯಿಟ್ಟು ಬಾಗಿಲಲ್ಲಿ ನಿಂತಿದ್ದರು. ಸಹಾಯಕ್ಕೆ ಹೋದದ್ದಕ್ಕೆ ಆಗಲೇ ಒಮ್ಮೆ ಬೈಸಿಕೊಂಡಾಗಿತ್ತು.

"ಸುಮನಾ, ಬಾ ಇಲ್ಲಿ."

ಬಂದವಳ ಕೊರಳಿಗೆ ಅವರು ಒದ್ದೆ ಹಲಗೆಯನ್ನು ಹಾಗೇ ಹಾಕಿದರು. ಅದು ಎದೆ ದಾಟಿ ಹೊಟ್ಟೆಯ ಮೇಲೆ ಹೋಗಿ ಕೂತಿತು. ಆರಡಿ ಗಂಡಸರ ಅಳತೆಯ ದಾರ.

"ಉದ್ದ ಆಯ್ತು," ಎಂದು ಅವರು ಸುತ್ತ ನೋಡಿದರು. ಸುಪ್ರಿಯಾ ಕಂಡಳು. "ನನ್ನ ಕೈಯೆಲ್ಲಾ ಹುಣಸೆ. ನೀವು ಹಿಂದೆ ಒಂದು ಗಂಟು ಹಾಕ್ರಮ್ಮ."

ಸುಪ್ರಿಯಾ ಚಪ್ಪಲಿ ಬಿಟ್ಟು ಹೋಗಿ ಕೆಂಪು ದಾರ ಹಿಡಿದುಕೊಂಡಳು. "ಇಷ್ಟು ಸಾಕಾ?"

"ಇನ್ನೂ ಸ್ವಲ್ಪ ಮೇಲೆ," ಎಂದಳು ಸುಮನಾ, ತಿರುಗದೆ.

ವೀರಭದ್ರನ ಮೀಸೆಯಿಂದ ಹುಣಸೆನೀರು ಹನಿ ಹನಿಯಾಗಿ ಅವಳ ಹೊಸ ಚೂಡಿದಾರದ ಮೇಲೆ ಇಳಿಯುತ್ತಿತ್ತು. ಅವಳು ಒರೆಸಿಕೊಳ್ಳಲಿಲ್ಲ.