ಹದಿನೈದು ನಿಮಿಷ ನೀರು

ತಂಗಿಯ ಕುತ್ತಿಗೆಯ ಮೇಲೆ ಐದು ಬೆರಳಿನ ಗುರುತು ಕಂಡ ದಿನ ಮುಚ್ಚಳದಕ್ಕ ತನ್ನ ಮನೆಯ ಕೀಲಿಕೈ ತೆಗೆದು ಅವಳ ಅಂಗೈಯಲ್ಲಿಟ್ಟಳು.

"ಇವತ್ತಿಂದ ನನ್ನ ಜೊತೆ ಇರ್ತೀಯ. ಆ ಮನೆ ಕಡೆ ತಲೆ ಹಾಕಿಯೂ ಮಲಗಬೇಡ."

ಇಬ್ಬರದೂ ಒಂದೇ ಆಸ್ಪತ್ರೆ, ಒಂದೇ ಲ್ಯಾಬು. ಆಪರೇಷನ್ ಮಾಡಿ ತೆಗೆದ ಗಡ್ಡೆ, ಕರುಳಿನ ಚೂರು, ಚರ್ಮದ ತುಣುಕು ಎಲ್ಲ ಅಲ್ಲಿಗೇ ಬರುತ್ತಿದ್ದವು. ಕೊಳೆಯದಿರಲೆಂದು ಅವನ್ನು ಫಾರ್ಮಲಿನ್‌ನಲ್ಲಿ ಮುಳುಗಿಸಿಟ್ಟು, ಆಮೇಲೆ ಕೂದಲಿಗಿಂತ ತೆಳ್ಳಗೆ ಕತ್ತರಿಸಿ ಡಾಕ್ಟರಮ್ಮನ ಮೈಕ್ರೋಸ್ಕೋಪಿಗೆ ಕಳಿಸುವುದು ಅಕ್ಕನ ಕೆಲಸ. ಡಬ್ಬಿಗೆ ಚೀಟಿ ಅಂಟಿಸಿ, ರೋಗಿಯ ನಂಬರು ಬರೆದು, ಪುಸ್ತಕಕ್ಕೆ ಏರಿಸುವುದು ತಂಗಿಯ ಕೆಲಸ. ಫಾರ್ಮಲಿನ್ ಬಲು ಕೆಟ್ಟ ಪದಾರ್ಥ. ಮೂಗಿಗೆ ಬಂದರೆ ಉರಿ, ಕಣ್ಣಿಗೆ ಬಿದ್ದರೆ ಕುರುಡು, ವರ್ಷಗಟ್ಟಲೆ ಕುಡಿದ ಗಾಳಿ ಒಳಗೇ ಕ್ಯಾನ್ಸರ್ ಬಿತ್ತುತ್ತದೆ. ಹಾಗಾಗಿ ಅಕ್ಕ ದಿನಕ್ಕೆ ನೂರು ಸಲ "ಮುಚ್ಚಳ! ಮುಚ್ಚಳ!" ಎಂದು ಕೂಗುತ್ತಿದ್ದಳು. ಹೆಸರು ಹಾಗೇ ಅಂಟಿಕೊಂಡಿತ್ತು. "ಇವರು ಸತ್ತರೆ ಪೆಟ್ಟಿಗೆ ಮುಚ್ಚಳಾನೂ ಇವರೇ ಎದ್ದು ಬಿಗಿ ಮಾಡ್ಕೊಂಡು ಮಲಗ್ತಾರೆ" ಎಂದು ಡಾಕ್ಟರಮ್ಮ ನಗುತ್ತಿದ್ದರು.

ತಂಗಿಯ ಗಂಡನದು ಟೈರ್ ರಿಪೇರಿ ಅಂಗಡಿ. ಊರಿಗೆಲ್ಲ ಒಳ್ಳೆಯವನು. ಪಂಕ್ಚರ್ ಆದ ಗಾಡಿಯನ್ನು ತಳ್ಳಿಕೊಂಡು ಬಂದ ಮುದುಕರಿಗೆ ಕೂರಲು ಸ್ಟೂಲು ಕೊಡುವವನು. ಅಕ್ಕನನ್ನು ಕಂಡರೆ "ಅತ್ತಿಗೆ, ಅತ್ತಿಗೆ" ಎಂದು ಬಾಯಿ ತುಂಬ ಕರೆಯುವವನು. ಬಾಗಿಲು ಹಾಕಿದ ಮೇಲೆ ಅವನು ಏನೆಂಬುದು ತಂಗಿಯ ಪಕ್ಕೆಲುಬಿಗೆ ಮಾತ್ರ ಗೊತ್ತಿತ್ತು.

ತಂಗಿ ಮನೆ ಬಿಟ್ಟ ನಾಲ್ಕನೇ ದಿನ, ಬೆಳಿಗ್ಗೆ ಹನ್ನೊಂದರ ಹೊತ್ತು. ಹೊಗೆ ಎಳೆಯುವ ಗಾಜಿನ ಕಪಾಟಿನ ಮುಂದೆ ಅಕ್ಕ ನಿಂತಿದ್ದಳು. ಕನ್ನಡಕ, ಕೈಗವಸು, ಪ್ಲಾಸ್ಟಿಕ್ ಏಪ್ರನ್ ಎಲ್ಲ ಹಾಕಿಕೊಂಡು, ಒಂದು ಪಾಲು ಗಟ್ಟಿ ಫಾರ್ಮಲಿನ್‌ಗೆ ಒಂಬತ್ತು ಪಾಲು ನೀರು ಬೆರೆಸುತ್ತಿದ್ದಳು. ಕಂದು ಗಾಜಿನ ದೊಡ್ಡ ಬಾಟಲಿ ಕಪಾಟಿನೊಳಗೇ ಇತ್ತು. ತಂಗಿ ಮೇಜಿನ ಹತ್ತಿರ ಚೀಟಿ ಬರೆಯುತ್ತಿದ್ದಳು.

ಬಾಗಿಲು ಒದ್ದ ಸದ್ದಾಯಿತು. ಟೈರ್ ಬಿಚ್ಚುವ ಕಬ್ಬಿಣದ ಪಟ್ಟಿ ಹಿಡಿದು ಅವನು ಒಳಗಿದ್ದ.

"ನಡಿ ಮನೆಗೆ."

"ಬರಲ್ಲ" ಅಂದಳು ತಂಗಿ. ಮದುವೆಯಾದ ಒಂಬತ್ತು ವರ್ಷದಲ್ಲಿ ಅವಳು ಅವನಿಗೆ ಆಡಿದ ಮೊದಲ 'ಇಲ್ಲ' ಅದು.

ಪಟ್ಟಿ ಎತ್ತಿದ್ದೇ ತಡ, ಹೊಡೆದ. ತಂಗಿ ತಲೆಗೆ ಅಡ್ಡವಾಗಿ ಕೈ ಒಡ್ಡಿದಳು. ಒಣಕಟ್ಟಿಗೆ ಮುರಿದಂತೆ ಲಟಕ್ಕೆಂದು ಮೊಣಕೈ ಕೆಳಗೆ ಮುರಿಯಿತು. ಅವಳು ಕಿರುಚುವ ಮೊದಲೇ ಅವನು ಮೇಜಿನ ಮೇಲಿನ ಡಬ್ಬಿ ಕಿತ್ತು ಅವಳ ಎದೆಗೆ ಬೀಸಿ ಒಗೆದ. ಡಬ್ಬಿ ಬಡಿದು, ಪುಟಿದು, ಫ್ರಿಜ್ಜಿನ ಅಡಿಗೆ ಉರುಳಿತು. ಆಮೇಲೆ ಜಡೆ ಹಿಡಿದು ಬಾಗಿಲ ಕಡೆ ದರದರ ಎಳೆದ. ತಂಗಿ ಅವನ ಮಣಿಕಟ್ಟಿಗೆ ಹಲ್ಲು ಊರಿದಳು. ಬಿಡಿಸಿಕೊಳ್ಳಲು ಅವನು ಅವಳ ತಲೆಯನ್ನು ಮೇಜಿನ ಅಂಚಿಗೆ ಎರಡು ಸಲ ಬಡಿದ.

"ಬಿಡೋ ಅವಳನ್ನ!"

ಅಕ್ಕ ಅವನ ಬೆನ್ನ ಮೇಲೆ ಬಿದ್ದಳು. ಅವನು ಕೊಡವಿದ. ತಿರುಗಿ ಹೊಡೆದ ಏಟು ಅವಳ ಹೆಗಲಿಗೆ ಬಿತ್ತು. ಅವಳು ಹಿಂದೆ ಹಿಂದೆ ಸರಿದು ಕಪಾಟಿಗೆ ಬೆನ್ನು ಕೊಟ್ಟು ನಿಂತಳು.

"ಮನೆ ಮುರುಕಿ! ನಿನ್ನಿಂದಲೇ ಇದೆಲ್ಲ!" ಎನ್ನುತ್ತ ಅವನು ಅವಳ ತಲೆಗೆ ಗುರಿಯಿಟ್ಟು ಪಟ್ಟಿ ಬೀಸಿದ.

ಅವಳು ಕುಕ್ಕರಿಸಿದಳು. ಪಟ್ಟಿ ಕಪಾಟಿನೊಳಗೆ ನುಗ್ಗಿ ಕಂದು ಬಾಟಲಿಯನ್ನು ಒಡೆಯಿತು. ಗಟ್ಟಿ ಫಾರ್ಮಲಿನ್ ಚಿಮ್ಮಿ ನೇರ ಅವನ ಮುಖಕ್ಕೆ ಬಡಿಯಿತು.

ಆ ಕೂಗು ಮನುಷ್ಯರದಾಗಿರಲಿಲ್ಲ. ಎರಡೂ ಕೈಯಿಂದ ಕಣ್ಣು ಉಜ್ಜುತ್ತ, ಗಾಜಿನ ಚೂರಿನ ಮೇಲೆ ಉರುಳುತ್ತ ಅವನು ಅರಚಿದ. ವಾಸನೆ ಕೋಣೆಯನ್ನೆಲ್ಲ ತುಂಬಿತು. ತಂಗಿ ಮುರಿದ ಕೈ ಹಿಡಿದು ಗೋಡೆಗೆ ಒರಗಿದ್ದಳು. ಹಣೆಯ ರಕ್ತ ಬಾಯಿಗೆ ಇಳಿಯುತ್ತಿತ್ತು.

"ಬಿಟ್ಟುಬಿಡಕ್ಕ" ಅಂದಳು. "ಕುರುಡಾಗ್ಲಿ. ಕುರುಡ ಆದ್ರೆ ನನ್ನ ಹುಡುಕೋಕಾಗಲ್ಲ."

ಅಕ್ಕ ನಿಂತಳು. ಆ ಕಣ್ಣುಗಳಿಗೆ ಏನಾಗುತ್ತಿದೆಯೆಂದು ಆ ಕೋಣೆಯಲ್ಲಿ ಅವಳಷ್ಟು ಚೆನ್ನಾಗಿ ಬಲ್ಲವರಿರಲಿಲ್ಲ. ಡಬ್ಬಿಗೆ ಹಾಕಿದ ಮಾಂಸ ಹೇಗೆ ಬೆಂದ ಮೊಟ್ಟೆಯಂತೆ ಬೆಳ್ಳಗೆ ಗಟ್ಟಿಯಾಗುತ್ತದೆಂದು ದಿನವೂ ನೋಡಿದವಳು. ಒಂದು ಉಸಿರು ಹೋಯಿತು. ಎರಡು ಹೋಯಿತು. ಮೂರೂ ಹೋಯಿತು.

ಆಮೇಲೆ ಅವನ ಕಾಲರ್ ಹಿಡಿದು ಎಳೆದಳು.

ಕಣ್ಣು ತೊಳೆಯುವ ತೊಟ್ಟಿ ಹೊರಗೆ ಓಣಿಯಲ್ಲಿತ್ತು. ಸದ್ದಿಗೆ ಡಾಕ್ಟರಮ್ಮ ಓಡಿ ಬಂದಿದ್ದರು. "ತಂಗೀನ ಹೊರಗೆ ಕರ್ಕೊಳ್ಳಿ, ಬಾಗಿಲು ಹಾಕಿ, ಹೊರಗಿನ ಸ್ವಿಚ್ಚಲ್ಲಿ ಫ್ಯಾನ್ ಪೂರ್ತಿ ಬಿಡಿ. ಯಾರೂ ಒಳಗೆ ಕಾಲಿಡಬೇಡಿ" ಎಂದು ಅಕ್ಕ ಒಂದೇ ಉಸಿರಿಗೆ ಹೇಳಿ, ಅವನ ಅಂಗಿ ಹರಿದೆಸೆದು, ತಲೆಯನ್ನು ತೊಟ್ಟಿಗೆ ಅದುಮಿದಳು. ನೀರು ಎರಡು ಕಾರಂಜಿಯಾಗಿ ಎದ್ದಿತು.

"ಕಣ್ಣು ಬಿಡು!"

"ಸಾಯಿಸ್ತಿದ್ದಾರೆ! ಯಾರಾದ್ರೂ ಬನ್ರೋ!"

"ಬಿಡೋ ಕಣ್ಣು ಅಂದ್ರೆ!"

ಅವನು ಮೊಣಕೈ ಬೀಸಿದ. ಅವಳ ತುಟಿ ಸೀಳಿತು. ಮತ್ತೆ ಬೀಸಿದ. ಕೆಳಗಿನ ಹಲ್ಲೊಂದು ಅಲುಗಾಡಿತು. ಅವಳು ಮಂಡಿಯನ್ನು ಅವನ ಸೊಂಟಕ್ಕೆ ಕೊಟ್ಟು, ಒಂದು ಕೈಯಲ್ಲಿ ಕೂದಲು ಸುತ್ತಿ ಹಿಡಿದು, ಇನ್ನೊಂದರ ಎರಡು ಬೆರಳಿಂದ ರೆಪ್ಪೆ ಅಗಲಿಸಿದಳು. ಅವನು ಆ ಕೈಯನ್ನೇ ಕಚ್ಚಿದ. ಕೈಗವಸು ಹರಿದು ರಕ್ತ ಬಂದು ನೀರಿನಲ್ಲಿ ಹೋಯಿತು. ಅವಳು ಬಿಡಲಿಲ್ಲ. ಗೋಡೆ ಗಡಿಯಾರ ನೋಡುತ್ತ, ಬಲಗಣ್ಣು, ಎಡಗಣ್ಣು, ಮತ್ತೆ ಬಲಗಣ್ಣು.

"ಎಷ್ಟಾಯ್ತು?" ಡಾಕ್ಟರಮ್ಮ ಕೇಳಿದರು.

"ಆರು ನಿಮಿಷ. ಹದಿನೈದು ಆಗೋವರೆಗೆ ಯಮ ಬಂದರೂ ಬಿಡಲ್ಲ."

ಹತ್ತನೇ ನಿಮಿಷಕ್ಕೆ ಅವನು ಕೊಸರಾಡುವುದು ನಿಲ್ಲಿಸಿದ. "ಅತ್ತಿಗೆ" ಎಂದು ಅಳತೊಡಗಿದ. "ಮಾತಾಡಬೇಡ, ನೀರು ಮೂಗಿಗೆ ಹೋಗುತ್ತೆ" ಅಂದಳು ಅವಳು. ಆ ಹೊತ್ತಿಗೆ ಅಟೆಂಡರು ಬಕೆಟ್ಟು, ಬ್ಲೀಚಿಂಗ್ ಡಬ್ಬ ಹಿಡಿದು ನೆಲ ಒರೆಸಲು ಹೊರಟಿದ್ದ. ಅವಳು ಅಲ್ಲಿಂದಲೇ ಗದರಿದಳು: "ಬ್ಲೀಚಿಂಗ್ ಕೆಳಗಿಡು! ಅದೂ ಇದೂ ಸೇರಿದ್ರೆ ಇನ್ನೂ ದೊಡ್ಡ ವಿಷ. ನಾನೇ ಮಾಡ್ತೀನಿ."

ಹದಿನೇಳು ನಿಮಿಷಕ್ಕೆ ಪೊಲೀಸರು, ಕಣ್ಣಿನ ಡಾಕ್ಟರು ಬಂದು ಅವನನ್ನು ಒಯ್ದರು. ಅವಳು ತನ್ನ ಒದ್ದೆ ಏಪ್ರನ್ ಕಳಚಿ, ಕೈ ಕತ್ತು ತೊಳೆದು, ಬೇರೆ ಗವಸು, ಗಾಳಿ ಸೋಸುವ ದಪ್ಪ ಮುಖವಾಡ ಹಾಕಿಕೊಂಡು ಒಳಗೆ ಹೋದಳು. ಚೆಲ್ಲಿದ್ದರ ಮೇಲೆ ಹೀರುವ ಪುಡಿ ಸುರಿದು, ಬಳಿದು, ಎರಡು ಚೀಲದಲ್ಲಿ ಕಟ್ಟಿದಳು. ಆಮೇಲೆ ಬೋರಲು ಮಲಗಿ ಫ್ರಿಜ್ಜಿನ ಅಡಿಯಿಂದ ಆ ಡಬ್ಬಿ ಎಳೆದಳು. ತೊಟ್ಟೂ ಸೋರಿರಲಿಲ್ಲ. ಒಳಗಿದ್ದದ್ದು ಬಸ್ ಕಂಡಕ್ಟರ್ ಹೆಂಗಸೊಬ್ಬಳ ಎದೆಯ ಗಡ್ಡೆ. ಅದು ಕಳೆದುಹೋಗಿದ್ದರೆ ಮತ್ತೊಂದು ಇರಲಿಲ್ಲ. ಎದ್ದು ನಿಲ್ಲಲು ಹೋದಾಗಲೇ ಅವಳ ಎಡಗೈ ಮಾತು ಕೇಳಲಿಲ್ಲ. ಪಟ್ಟಿಯ ಏಟಿಗೆ ಹೆಗಲ ಮೂಳೆ ಆಗಲೇ ಬಿರುಕು ಬಿಟ್ಟಿತ್ತು.

ಅವನ ಬಲಗಣ್ಣು ಉಳಿಯಿತು. ಎಡಗಣ್ಣಿಗೆ ಮಂಜು ಕವಿಯಿತು. ಮಲಗಿದಲ್ಲಿಂದಲೇ ಹೇಳಿಕೆ ಕೊಟ್ಟ: "ಅಕ್ಕ ತಂಗಿ ಸೇರಿ ಮುಖಕ್ಕೆ ಎರಚಿದ್ರು." ಕಣ್ಣಿನ ಡಾಕ್ಟರು ಪೊಲೀಸರ ಎದುರೇ ಗದರಿದರು: "ಎರಚಿದವರು ಹದಿನೇಳು ನಿಮಿಷ ಏಟು ತಿಂದು ತೊಳೀತಾರೇನಯ್ಯ? ಆಕೆ ಇಲ್ದಿದ್ರೆ ನಿನಗೆ ಹಗಲೂ ರಾತ್ರೀನೂ ಒಂದೇ ಆಗ್ತಿತ್ತು." ಕೇಸು ತ್ವರಿತ ಕೋರ್ಟಿಗೆ ಹೋಗಿ, ಮೂರೇ ತಿಂಗಳಲ್ಲಿ ಅವನಿಗೆ ಆರು ವರ್ಷ ಜೈಲಾಯಿತು.

ತಂಗಿ ಮಾತ್ರ ಅಕ್ಕನ ಜೊತೆ ಮಾತು ಬಿಟ್ಟಳು. ಒಂದೇ ಮನೆ, ಒಂದೇ ಒಲೆ. ಮುರಿದ ಕೈಗೆ ಬ್ಯಾಂಡೇಜು ಕಟ್ಟಿಕೊಂಡು ರಜೆಯಲ್ಲಿದ್ದವಳಿಗೆ ಅಕ್ಕನೇ ತಲೆ ಬಾಚುತ್ತಿದ್ದಳು. ಆದರೂ ಮೂರು ತಿಂಗಳು ತುಟಿ ಬಿಚ್ಚಲಿಲ್ಲ. ತೀರ್ಪು ಬಂದ ಸಂಜೆ ಬಟ್ಟೆ ಮಡಚುತ್ತಿದ್ದವಳು ತಟ್ಟನೆ ಕೇಳಿದಳು.

"ಒಂದು ಕಣ್ಣು ಉಳಿಸ್ಕೊಟ್ಟೆಯಲ್ಲ, ಆರು ವರ್ಷ ಆದ್ಮೇಲೆ ಅದರಲ್ಲಿ ಅವನು ಯಾರನ್ನ ಹುಡುಕ್ತಾನೆ ಹೇಳು?"

ಅಕ್ಕ ಅವಳ ಪಕ್ಕದಲ್ಲಿ ಕೂತು, "ಮೂರು ಉಸಿರು ಸುಮ್ನೆ ನಿಂತಿದ್ದೆ ಕಣೇ" ಅಂದಳು. "ಆಗಲೇ ತೊಳೆದಿದ್ರೆ ಎರಡೂ ಉಳೀತಿತ್ತೇನೋ. ನಿಂತಿದ್ದು ನಿನಗೋಸ್ಕರ. ಎಳ್ಕೊಂಡು ಹೋಗಿದ್ದು ಯಾರಿಗೋಸ್ಕರ ಅಂತ ನನಗೂ ಗೊತ್ತಿಲ್ಲ."

ತಂಗಿ ಅಕ್ಕನ ಮುಖವನ್ನೇ ನೋಡಿದಳು. ಸೀಳಿದ ತುಟಿ ಸೊಟ್ಟಗೆ ಮಾಗಿತ್ತು. ಮಡಚಿದ ಬಟ್ಟೆ ಪಕ್ಕಕ್ಕಿಟ್ಟು ಎದ್ದಳು.

"ಊಟಕ್ಕೆ ಏಳು" ಅಂದಳು. "ನಾಳೆಯಿಂದ ನಾನೂ ಡ್ಯೂಟಿಗೆ ಬರ್ತೀನಿ."